‘ಊಜ್’ ಅಂದ್ರೆ ಜಿನುಗುವುದಾ, ಒಸರುವುದಾ, ಸೋರುವುದಾ?

ಪ್ರಶ್ನೆ: ಅಮ್ಮನಿಗೆ ಆಪರೇಷನ್ ಆಗಿದೆ. ಡಿಸ್ಚಾರ್ಜ್ ಪೇಪರಿನಲ್ಲಿ ಗಾಯದ ಬಗ್ಗೆ ‘ಮೈಲ್ಡ್ ಊಜಿಂಗ್’ ಅಂತ ಬರೆದಿದ್ದಾರೆ. ಡಿಕ್ಷನರಿ ನೋಡಿದರೆ ‘ಜಿನುಗು’ ಅಂತಿದೆ. ಅದೇ ವಾರ ಕ್ರಿಕೆಟ್ ಕಾಮೆಂಟರಿಯಲ್ಲಿ ಒಬ್ಬ ಬ್ಯಾಟ್ಸ್‌ಮನ್ ‘ಊಜಿಂಗ್ ಕಾನ್ಫಿಡೆನ್ಸ್’ ಅಂದರು. ಗಾಯಕ್ಕೂ ಆತ್ಮವಿಶ್ವಾಸಕ್ಕೂ ಒಂದೇ ಪದ ಹೇಗೆ? ಅದರ ಸರಿಯಾದ ಅರ್ಥ ಏನು?

ಮೊದಲು ಅಮ್ಮನ ಪೇಪರ್ ವಿಷಯ ಹೇಳಿಬಿಡುತ್ತೇನೆ, ನಿಮ್ಮ ತಲೆಯಲ್ಲಿ ಕೊರೆಯುತ್ತಿರುವುದು ಅದೇ ಅಲ್ವಾ. ಗಾಯದಿಂದ ರಕ್ತವೋ, ನೀರಿನಂಥ ರಸವೋ, ಕೀವೋ ನಿಧಾನಕ್ಕೆ, ಸ್ವಲ್ಪ ಸ್ವಲ್ಪವೇ ಹೊರಗೆ ಬರುತ್ತಿದ್ದರೆ ಅದು ಊಜಿಂಗ್. ಮೈಲ್ಡ್ ಅಂದರೆ ಅದೂ ಕಮ್ಮಿ. ಆಸ್ಪತ್ರೆಯವರು ಈ ಪದವನ್ನು ಸುಮ್ನೆ ಬರೆಯುವುದಿಲ್ಲ. ಹೃದಯದಿಂದ ರಕ್ತ ಒಯ್ಯುವ ಅಪಧಮನಿ ತುಂಡಾದರೆ ರಕ್ತ ಎದೆಬಡಿತದ ಜೊತೆಜೊತೆಗೇ ಚಿಮ್ಮುತ್ತದೆ. ಹೃದಯಕ್ಕೆ ರಕ್ತ ವಾಪಸ್ ತರುವ ಅಭಿಧಮನಿಯಾದರೆ ಕಪ್ಪುಗೆಂಪು ರಕ್ತ ಒಂದೇ ಸಮನೆ ಹರಿಯುತ್ತದೆ. ಕೂದಲಿಗಿಂತ ಸಣ್ಣ ರಕ್ತನಾಳಗಳಿಂದ, ಇಂಥದ್ದೇ ಜಾಗದಿಂದ ಬಂತು ಅಂತ ಬೆರಳಿಟ್ಟು ತೋರಿಸಲು ಆಗದ ಹಾಗೆ ಗಾಯದ ಮೈಯೆಲ್ಲ ಒದ್ದೆಯಾಗುತ್ತದಲ್ಲ, ಅದು ಊಜಿಂಗ್. ಮಕ್ಕಳು ಬಿದ್ದು ಮೊಣಕಾಲು ತರಚಿಕೊಂಡಾಗ ಮೊದಲು ಬಿಳಿಚಿಕೊಂಡು ಆಮೇಲೆ ಕೆಂಪು ಚುಕ್ಕೆಗಳು ಒಂದೊಂದಾಗಿ ಮೂಡುವುದನ್ನು ನೆನಪಿಸಿಕೊಳ್ಳಿ.

ಈಗ ಪದದ ವಿಷಯ. ‘ಜಿನುಗು’ ತಪ್ಪಲ್ಲ. ಆದರೆ ಅದೊಂದನ್ನೇ ನಂಬಿಕೊಂಡರೆ ಎಡವುತ್ತೀರಿ. ನಮ್ಮಲ್ಲಿ ಮಳೆ ಜಿನುಗುತ್ತದೆ, ಕಣ್ಣಂಚಿನಲ್ಲಿ ನೀರೂ ಜಿನುಗುತ್ತದೆ. ಇಂಗ್ಲಿಷಿನಲ್ಲಿ ಮಳೆಗೆ ಊಜ್ ಅನ್ನುವಂತಿಲ್ಲ. ಊಜ್ ಅನ್ನಬೇಕಾದರೆ ಸಾಮಾನ್ಯವಾಗಿ ಆ ವಸ್ತು ಸ್ವಲ್ಪ ಮಂದವಾಗಿರಬೇಕು, ಒಳಗಿನಿಂದ ಒತ್ತಿಕೊಂಡು ಹೊರಗೆ ಬರುತ್ತಿರಬೇಕು, ಅವಸರ ಇರಬಾರದು. ನಾಟಿಗೆ ಅಂತ ಗದ್ದೆಗೆ ಬರಿಗಾಲಿನಲ್ಲಿ ಇಳಿದಾಗ ಕಾಲ್ಬೆರಳ ಸಂದಿಯಿಂದ ತಣ್ಣನೆ ಕೆಸರು ಮೆಲ್ಲಗೆ ಮೇಲೆ ಬರುತ್ತದಲ್ಲ, ಈ ಪದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಹಲಸಿನಕಾಯಿ ಕೊಯ್ದಾಗ ಬರುವ ಮೇಣವೂ ಹಾಗೇ. ಜಾಸ್ತಿ ತುಂಬಿದ ಕ್ರೀಮ್ ಬನ್ನನ್ನು ಒತ್ತಿದರೆ ಬದಿಯಿಂದ ಹೊರಬರುವ ಕ್ರೀಮ್ ಕೂಡ.

ಇದಕ್ಕೆ ಅಂಟಿಕೊಂಡೇ ಇರುವ ಇನ್ನೊಂದು ಪದ ‘ಸೀಪ್’. ಎರಡನ್ನೂ ಜಾಸ್ತಿ ಜನ ಬೆರೆಸುತ್ತಾರೆ. ಸೀಪ್ ಅಂದರೆ ಸಣ್ಣ ಸಣ್ಣ ರಂಧ್ರಗಳ ಮೂಲಕ ತೂರಿಕೊಂಡು ಬರುವುದು, ಎಷ್ಟೋ ಸಲ ಕಣ್ಣಿಗೂ ಕಾಣದ ಹಾಗೆ. ಮಣ್ಣಿನ ಮಡಕೆಯ ಹೊರಮೈ ತೇವವಾಗುವುದು ಸೀಪ್. ಕಾಸರಗೋಡು, ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಮುರಕಲ್ಲನ್ನು (ಜಂಬಿಟ್ಟಿಗೆ ಕಲ್ಲು) ಅಡ್ಡಕ್ಕೆ ಕೊರೆದು ಸುರಂಗ ಮಾಡುತ್ತಾರೆ, ಗುಡ್ಡದ ಹೊಟ್ಟೆಯೊಳಗಿನ ನೀರು ಕಲ್ಲಿನ ಸಂದಿಯಿಂದ ಒಸರಿ, ಪಂಪು ಗಿಂಪು ಏನೂ ಇಲ್ಲದೆ ತಾನಾಗಿ ತೋಟಕ್ಕೆ ಹರಿದು ಬರುತ್ತದೆ. ಅದೂ ಸೀಪ್. ಅಂದರೆ ನಮ್ಮ ‘ಒಸರು’ ಎರಡಕ್ಕೂ ಆಗುತ್ತದೆ. ನೀರು ಎಲ್ಲಿಂದ ಬಂತು ಅನ್ನುವುದರ ಮೇಲೆ ‘ಒಸರು’ ಪದದ ಕಣ್ಣು. ಬರುತ್ತಿರುವುದು ತೆಳ್ಳಗಿದೆಯೋ ಮಂದವಾಗಿದೆಯೋ ಅನ್ನುವುದು ಊಜ್‌ಗೆ ಮುಖ್ಯ. ಉಳಿದವು ಸುಲಭ. ಸಣ್ಣ ಧಾರೆಯಾಗಿ ಹರಿದರೆ ಟ್ರಿಕಲ್, ತೊಟ್ಟು ತೊಟ್ಟಾಗಿ ಬಿದ್ದರೆ ಡ್ರಿಪ್, ತೂತಾಗಿ ಸೋರಿದರೆ ಲೀಕ್.

ವಾಕ್ಯದಲ್ಲಿ ಬಳಸುವಾಗ ಒಂದು ವಿಶೇಷ ಇದೆ. ‘ಪಸ್ ಊಜ್ಡ್ ಫ್ರಮ್ ದ ವೂಂಡ್’ ಅನ್ನಬಹುದು, ‘ದ ವೂಂಡ್ ಊಜ್ಡ್ ಪಸ್’ ಅಂತಲೂ ಅನ್ನಬಹುದು. ಎರಡನೆಯದು ನಮಗೆ ವಿಚಿತ್ರ ಅನ್ನಿಸುತ್ತದೆ, ಗಾಯವೇ ಹೇಗೆ ಒಸರೀತು ಅಂತ. ಆದರೆ ಕನ್ನಡದಲ್ಲೂ ಇದು ಇದೆ! ಕೀವು ಬಂದರೆ ನಾವು ‘ಕಿವಿ ಸೋರುತ್ತಿದೆ’ ಅನ್ನುತ್ತೇವೆ. ಸೋರುವುದು ಕೀವು, ಹೇಳುವುದು ಕಿವಿ. ಮನೆ ಸೋರುತ್ತೆ, ಮಡಕೆ ಸೋರುತ್ತೆ, ಎಲ್ಲ ಅದೇ ಜಾಡು.

ಇನ್ನು ನಿಮ್ಮ ಬ್ಯಾಟ್ಸ್‌ಮನ್. ಆತ್ಮವಿಶ್ವಾಸ ಒಳಗೆ ಅಷ್ಟು ತುಂಬಿಕೊಂಡಿದೆ, ಮೈಯಿಂದಲೇ ಹೊರಗೆ ಬರುತ್ತಿದೆ ಅನ್ನುವ ಚಿತ್ರ ಅದು. ಇದನ್ನು ಕನ್ನಡಕ್ಕೆ ತರುವಾಗ ದಯವಿಟ್ಟು ‘ಆತ್ಮವಿಶ್ವಾಸ ಒಸರುತ್ತಿದೆ’ ಅಂತ ಬರೆಯಬೇಡಿ. ನಮಗೆ ‘ತುಳುಕು’ ಅನ್ನುವ ಚೆಂದದ ಪದ ಇದೆ. ನಡಿಗೆಯಲ್ಲೇ ಆತ್ಮವಿಶ್ವಾಸ ತುಳುಕುತ್ತಿತ್ತು, ಅಷ್ಟೇ ಸಾಕು. ಒಂದು ಎಚ್ಚರಿಕೆ: ‘ಊಜಿಂಗ್ ಚಾರ್ಮ್’ ಅಂದಾಗ ಕೆಲವೊಮ್ಮೆ ಅತಿಯಾದ ನಯ, ಬೆಣ್ಣೆ ಹಚ್ಚುವ ಗುಣ ಅನ್ನುವ ಕಹಿಯೂ ಸೇರಿರುತ್ತದೆ. ಯಾರನ್ನಾದರೂ ಹೊಗಳುವ ಮುಂಚೆ ಇದು ನೆನಪಿರಲಿ.

ಪದದ ಮೂಲವೂ ರುಚಿಯಾಗಿದೆ. ಹಳೆಯ ಇಂಗ್ಲಿಷಿನಲ್ಲಿ ‘ವೋಸ್’ ಅಂದರೆ ರಸ, ಗಿಡದ ಸೊನೆ. ಮುಂದೆ ಮೊದಲಿನ ವಕಾರ ಉದುರಿಹೋಯಿತು. ಕೆಸರು ಅನ್ನುವ ಅರ್ಥದ ಇನ್ನೊಂದು ಹಳೆಯ ಪದವೂ ಹೀಗೇ ವಕಾರ ಕಳೆದುಕೊಂಡು ಇದೇ ರೂಪಕ್ಕೆ ಬಂತು. ಅದಕ್ಕೇ ಊಜ್ ನಾಮಪದವಾದಾಗ ಕೆಸರು ಅಂತಲೂ ಅರ್ಥ. ಸಮುದ್ರದ ತಳದ ಮಣ್ಣಿನಲ್ಲಿ ಕನಿಷ್ಠ 30% ಸೂಕ್ಷ್ಮಜೀವಿಗಳ ಚಿಪ್ಪು ಇದ್ದರೆ ವಿಜ್ಞಾನಿಗಳು ಅದನ್ನು ಊಜ್ ಅಂತಲೇ ಕರೆಯುತ್ತಾರೆ. ಬಾಯಲ್ಲಿ ‘ನೀರೂರು’ ಅನ್ನುವಾಗಿನ ನಮ್ಮ ‘ಊರು’ ಕೂಡ ಒಸರುವ ಅರ್ಥದ್ದೇ. ಕಿವಿಗೆ ಹತ್ತಿರ ಕೇಳಿಸಿದರೂ ಊಜ್‌ಗೂ ಊರುಗೂ ನಂಟಿಲ್ಲ.

ಉಚ್ಚಾರ: ಕೊನೆಯದು ನಮ್ಮ ಗಟ್ಟಿ ‘ಜ’ ಅಲ್ಲ, ‘ಝೂ’ ನೋಡಲು ಹೋಗುವಾಗಿನ ಗುಂಯ್‌ಗುಡುವ ಸದ್ದು. ಭೂತಕಾಲದಲ್ಲಿ ‘ಊಜೆಡ್’ ಅನ್ನಬೇಡಿ, ಒಂದೇ ಉಸಿರಿಗೆ ‘ಊಜ್ಡ್’.

ಮುಂದಿನ ಸಲ ಡ್ರೆಸ್ಸಿಂಗ್‌ಗೆ ಹೋದಾಗ ಪೇಪರಿನಲ್ಲಿ ‘ಸೋಕೇಜ್’ ಅಂತಲೂ ಬರೆದಿರಬಹುದು. ಅಂದರೆ ಒಸರಿದ್ದು ಪಟ್ಟಿಗೂ ಹಿಡಿದು ಪಟ್ಟಿ ನೆನೆದಿದೆ ಅಂತ. ಮನೆಯಲ್ಲಿ ಪಟ್ಟಿ ಪದೇಪದೇ ನೆನೆಯುತ್ತಿದ್ದರೆ, ವಾಸನೆ ಬಂದರೆ, ಅಮ್ಮನಿಗೆ ಜ್ವರ ಬಂದರೆ, ಕೊಟ್ಟ ತಾರೀಖಿನವರೆಗೆ ಕಾಯದೆ ಕರೆದುಕೊಂಡು ಹೋಗಿ ತೋರಿಸಿ.