ಬಾಗಿಲಿನ ಜಾಗದಲ್ಲಿ ತೆಂಗಿನಮರ: ಎಡಿಟ್‌ನಿಂದ ಡಿಐವರೆಗೆ ಒಂದು ಶಾಟ್‌ನ ದಾರಿ

ಎಡಿಟ್ ಲಾಕ್ ಆಗಿ ಎರಡು ವಾರವಾಗಿತ್ತು. ಡಿಐ (ಚಿತ್ರದ ಬಣ್ಣ ತಿದ್ದಿ ಅಂತಿಮ ರೂಪ ಕೊಡುವ ಹಂತ) ಕೋಣೆಯ ಪರದೆಯಲ್ಲಿ ನಾಯಕಿ ಬಾಗಿಲು ಹಾಕಿಕೊಳ್ಳಬೇಕಿತ್ತು. ಕಂಡದ್ದು ತೆಂಗಿನಮರ. ಕಲರಿಸ್ಟ್ ನನ್ನ ಮುಖ ನೋಡಿದರು. ನಾಲ್ಕನೇ ದಿನದ ಶೂಟಿಂಗ್‌ನಲ್ಲೂ ಸಿ0012 ಹೆಸರಿನ ಒಂದು ಫೈಲ್ ಇತ್ತು, ಒಂಬತ್ತನೇ ದಿನದಲ್ಲೂ ಇತ್ತು. ಕಾರ್ಡ್ ಫಾರ್ಮ್ಯಾಟ್ ಮಾಡಿದಾಗಲೆಲ್ಲ ಕ್ಯಾಮೆರಾ ಒಂದರಿಂದ ಎಣಿಸಿತ್ತು, ಪ್ರತಿ ಫ್ರೇಮ್‌ಗೂ ಅಂಟುವ ಗಡಿಯಾರದಂಥ ಎಣಿಕೆ, ಅಂದರೆ ಟೈಮ್‌ಕೋಡೂ ಸೊನ್ನೆಗೆ ಮರಳಿತ್ತು. ಎಡಿಟಿಂಗ್‌ಗೆಂದು ಮೂಲ ಫೈಲ್‌ಗಳ ಹಗುರ ಪ್ರತಿ (ಪ್ರಾಕ್ಸಿ) ಮಾಡುವಾಗ ಅದನ್ನು ಗಮನಿಸದೆ ಹೋದವನು ನಾನೇ.

ಪ್ರತಿಯಲ್ಲಿ ಎಡಿಟ್ ಮಾಡಿ, ಆಮೇಲೆ ಅದೇ ಶಾಟ್‌ನ ಮೂಲವನ್ನು ಹುಡುಕಿ ಜೋಡಿಸುವ ಈ ತಲೆನೋವು ಕಂಪ್ಯೂಟರ್ ಬರುವ ಮುಂಚೆಯೇ ಇತ್ತು. ಫಿಲ್ಮ್ ಕಾಲದಲ್ಲಿ ನೆಗೆಟಿವ್ ಲ್ಯಾಬ್‌ನಲ್ಲೇ ಭದ್ರವಾಗಿರುತ್ತಿತ್ತು. ಕನ್ನಡ ಚಿತ್ರಗಳದ್ದು ಬಹುಕಾಲ ಚೆನ್ನೈನಲ್ಲಿ. ಎಡಿಟರ್ ಕತ್ತರಿ ಹಾಕುತ್ತಿದ್ದುದು ಅದರ ಪಾಸಿಟಿವ್ ಪ್ರತಿಗೆ. ಅಂಚಿನಲ್ಲಿದ್ದ ನಂಬರುಗಳನ್ನು ನೋಡಿಕೊಂಡು ಆಮೇಲೆ ನೆಗೆಟಿವ್ ಕತ್ತರಿಸುತ್ತಿದ್ದರು. 35 ಎಂ.ಎಂ. ಫಿಲ್ಮ್‌ನಲ್ಲಿ ಅಡಿಗೆ 16 ಫ್ರೇಮ್; ತಪ್ಪು ಫ್ರೇಮ್‌ಗೆ ಕತ್ತರಿ ಬಿದ್ದರೆ ಮುಗಿಯಿತು. 1990ರಲ್ಲಿ ಕೊಡಾಕ್ ಕಂಪನಿ ಆ ನಂಬರನ್ನು ಯಂತ್ರ ಓದಬಲ್ಲ ಬಾರ್‌ಕೋಡ್ ಆಗಿಯೂ ಅಚ್ಚೊತ್ತಿತು. ಅದೇ ಕೀಕೋಡ್.

ವಿಡಿಯೊ ಟೇಪ್‌ನಲ್ಲಿ ಈ ಕೆಲಸ ಟೈಮ್‌ಕೋಡ್ ಮತ್ತು ಇಡಿಎಲ್ (ಯಾವ ಟೇಪಿನ ಯಾವ ಭಾಗ ಎಲ್ಲಿಗೆ ಎಂದು ಬರೆದ ಎಡಿಟ್ ಪಟ್ಟಿ) ಪಾಲಿಗೆ ಬಂತು. ಸಿಎಂಎಕ್ಸ್ 3600 ಮಾದರಿಯ ಇಡಿಎಲ್‌ನಲ್ಲಿ ರೀಲಿನ (ಟೇಪಿನ) ಹೆಸರಿಗೆ ಎಂಟೇ ಅಕ್ಷರ. ಉದ್ದುದ್ದ ಫೈಲ್ ಹೆಸರಿನ ಈ ಕಾಲದಲ್ಲೂ ಆ ಎಂಟು ಅಕ್ಷರ ಆಗಾಗ ಕಾಲಿಗೆ ತೊಡರುತ್ತದೆ. 1989ರಲ್ಲಿ ಕಂಪ್ಯೂಟರ್‌ನಲ್ಲೇ ಎಡಿಟ್ ಮಾಡುವ ಅವಿಡ್ ಬಂದಾಗ ಡಿಸ್ಕ್‌ನಲ್ಲಿ ಜಾಗವೇ ಇರಲಿಲ್ಲ, ಹಾಗಾಗಿ ಮಸುಕು ಮಸುಕಾದ ಪ್ರತಿಯಲ್ಲೇ ಎಡಿಟಿಂಗ್. ಅದರಿಂದ ಒಂದು ಉಪಕಾರವೂ ಆಗಿತ್ತು ಅನ್ನಿ: ಅದನ್ನು ನೋಡಿ ಯಾರೂ ಮೂಲ ಎಂದು ಮೋಸಹೋಗುತ್ತಿರಲಿಲ್ಲ.

ಆ ಅನುಕೂಲ ತಪ್ಪಿದ್ದು 2007ರಿಂದೀಚೆಗೆ. ಎಡಿಟಿಂಗ್‌ಗೆ ಸಲೀಸಾಗಿಯೂ ನೋಡಲು ಚೆನ್ನಾಗಿಯೂ ಇರುವ ಆಪಲ್‌ನ ಪ್ರೊರೆಸ್ ಎಂಬ ವಿಡಿಯೊ ಮಾದರಿ ಬಂದ ವರ್ಷವೇ ರೆಡ್ ಒನ್ ಕ್ಯಾಮೆರಾದ 4ಕೆ ರಾ ಫೈಲ್‌ಗಳೂ (ಸೆನ್ಸರ್ ಕಂಡದ್ದನ್ನು ಬಣ್ಣ ಗಟ್ಟಿಮಾಡದೆ ಉಳಿಸುವಂಥವು) ಬಂದವು. ಮರುವರ್ಷ ವಿಡಿಯೊವನ್ನೂ ತೆಗೆಯುವ ಸ್ಟಿಲ್ ಕ್ಯಾಮೆರಾ ಕ್ಯಾನನ್ 5ಡಿ ಮಾರ್ಕ್ 2. ಅದರ ಎಚ್.264 ಫೈಲ್ ಚಿಕ್ಕದು, ಆದರೆ ಅದರಲ್ಲಿ ಪ್ರತಿ ಫ್ರೇಮ್ ಪೂರ್ತಿಯಾಗಿ ಇರುವುದಿಲ್ಲ; ಬಹುಪಾಲು ಫ್ರೇಮ್‌ಗಳಲ್ಲಿ ಇರುವುದು ಬೇರೆ ಫ್ರೇಮ್‌ಗಿಂತ ಏನು ಬದಲಾಯಿತು ಎಂಬ ಲೆಕ್ಕವಷ್ಟೆ. ಒಂದು ಫ್ರೇಮ್ ತೋರಿಸಲು ಹಲವನ್ನು ಬಿಡಿಸಬೇಕು. ಆಗಿನ ಕಂಪ್ಯೂಟರ್‌ಗಳಿಗೆ ಏದುಸಿರು. ಹಾಗಾಗಿ ಎಲ್ಲವನ್ನೂ ಪ್ರೊರೆಸ್‌ಗೆ ತಿರುಗಿಸಿ, ಅದನ್ನೇ ಎಡಿಟ್ ಮಾಡಿ, ಅದಕ್ಕೇ ಕಲರ್ ಮಾಡುವ ರೂಢಿ ಬೆಳೆಯಿತು. 5ಡಿ ವಿಷಯದಲ್ಲಿ ಅದು ತಪ್ಪೇನಲ್ಲ. ಮೂಲವೇ 8 ಬಿಟ್, ಅಂದರೆ ಬಣ್ಣದ ವಿವರ ಅದರಲ್ಲೇ ಕಡಿಮೆ. ಒಳ್ಳೆ ಪ್ರೊರೆಸ್ ಪ್ರತಿಯಲ್ಲಿ ಕಳೆದುಹೋಗುವುದು ನಗಣ್ಯ, ಹೊಸದಾಗಿ ಸೇರುವುದೂ ಏನಿಲ್ಲ.

ಅದೇ ರೂಢಿ ರಾ ಫೈಲ್‌ಗೂ ಅಂಟಿಕೊಂಡಾಗ ನಷ್ಟ ಶುರುವಾಯಿತು. ಕಿಟಕಿಯಾಚೆ ಬೆಳ್ಳಗೆ ಸುಟ್ಟಂತೆ ಕಾಣುವ ಆಕಾಶದಲ್ಲಿ ಮೋಡವಿದ್ದರೆ ರಾ ಫೈಲಿನಿಂದ ಅದನ್ನು ಎಳೆದು ತರಬಹುದು. ವೈಟ್ ಬ್ಯಾಲೆನ್ಸ್ ಸಮೇತ ನೋಟವನ್ನು ಗಟ್ಟಿಮಾಡಿಬಿಟ್ಟ ಪ್ರತಿಯಲ್ಲಿ ಮೋಡ ಹೋದರೆ ಹೋದಂತೆಯೇ. ಪ್ರತಿ ನೋಡಲು ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಮೂಲವನ್ನು ಅಳಿಸಿ ಹಾರ್ಡ್ ಡಿಸ್ಕ್ ಖಾಲಿ ಮಾಡಿಕೊಂಡವರನ್ನು ನಾನು ಬಲ್ಲೆ. ಜಾಗದ ಆಸೆ ಅರ್ಥವಾಗುವಂಥದ್ದೇ: 1080ರಲ್ಲಿ, ಸೆಕೆಂಡಿಗೆ 30 ಫ್ರೇಮ್ ಲೆಕ್ಕಕ್ಕೆ, ಪ್ರೊರೆಸ್‌ನ ಹಗುರ ಬಗೆಯಾದ ಪ್ರಾಕ್ಸಿ ಗಂಟೆಗೆ ಸುಮಾರು 20 ಜಿಬಿ, ಹೆಚ್ಚು ಗುಣಮಟ್ಟದ 422 ಎಚ್‌ಕ್ಯೂ ಸುಮಾರು 100 ಜಿಬಿ.

ಈಗ ಡಾವಿಂಚಿ ರಿಸಾಲ್ವ್‌ನಂಥ ಸಾಫ್ಟ್‌ವೇರ್‌ನಲ್ಲಿ ಪ್ರಾಕ್ಸಿಯಿಂದ ಮೂಲಕ್ಕೆ ಹಾರಲು ಒಂದು ಕ್ಲಿಕ್ ಸಾಕು. ಆದರೆ ಆ ಕ್ಲಿಕ್ ನಂಬಿರುವುದು ಫೈಲ್ ಹೆಸರು, ಟೈಮ್‌ಕೋಡ್, ರೀಲನ್ನೇ. ಸೆಕೆಂಡಿಗೆ 24 ಫ್ರೇಮ್‌ನಲ್ಲಿ ತೆಗೆದದ್ದನ್ನು 23.976 ಎಂದು ಓದಿಸಿದರೆ ಒಂದು ಗಂಟೆಯ ಚಿತ್ರ 3.6 ಸೆಕೆಂಡ್ ಉದ್ದವಾಗುತ್ತದೆ, ಧ್ವನಿ ಮೊದಲೇ ಮುಗಿದುಹೋಗುತ್ತದೆ.

ನಮ್ಮ ತೆಂಗಿನಮರಕ್ಕೆ ಬೇರೆ ಉಪಾಯವಿರಲಿಲ್ಲ. ಎಡಿಟ್‌ನಿಂದ ತೆಗೆದ ರೆಫರೆನ್ಸ್ ವಿಡಿಯೊವನ್ನು ಟೈಮ್‌ಲೈನ್ ಮೇಲೆ ಹಾಸಿ, ಶಾಟ್ ಶಾಟ್‌ಗೂ ಹೋಲಿಸುತ್ತ ಕೂತೆವು. ಎರಡನೇ ಫ್ಲಾಸ್ಕ್ ಕಾಫಿ ತಳ ಕಾಣುವ ಹೊತ್ತಿಗೆ ನಾಯಕಿ ಬಾಗಿಲು ಹಾಕಿಕೊಂಡಳು. ಅಷ್ಟರಲ್ಲಿ ಇನ್ನೂ ಹನ್ನೊಂದು ಕಡೆ ತಪ್ಪು ಶಾಟ್ ಸಿಕ್ಕಿತ್ತು.