ನನ್ನ ಮನೆ ವಿಳಾಸವನ್ನು ಜಾಲತಾಣಗಳಿಂದ ತೆಗೆಸುವುದು ಹೇಗೆ?

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿ ಮನೆಯಲ್ಲೇ ಮಕ್ಕಳಿಗೆ ಗಣಿತ ಪಾಠ ಹೇಳುತ್ತೇನೆ. ಈಚೆಗೆ ಅಪರಿಚಿತನೊಬ್ಬ ರಾತ್ರಿ ಹತ್ತೂವರೆಗೆ ಕರೆ ಮಾಡಿ ನನ್ನ ಹೆಸರು, ಸೆಕ್ಟರ್, ಪ್ಲಾಟ್ ಸಂಖ್ಯೆ ಎಲ್ಲವನ್ನೂ ಹೇಳಿದ. ಹುಡುಕಿ ನೋಡಿದರೆ ನಾಲ್ಕೈದು ಜಾಲತಾಣಗಳಲ್ಲಿ ಅವೆಲ್ಲ ಇವೆ. ಅಳಿಸಲು ಆಗುತ್ತದೆಯೇ? ಮೊಬೈಲ್ ಸಂಖ್ಯೆಯನ್ನೇ ಬದಲಿಸಬೇಕೇ?

ಉತ್ತರ: ಹೆಚ್ಚಿನದನ್ನು ಅಳಿಸಬಹುದು. ಎಲ್ಲವನ್ನೂ ಅಲ್ಲ. ಸಂಖ್ಯೆ ಬದಲಿಸುವ ಅವಸರ ಬೇಡ.

ಹಳೆಯ ಬಾಗಲಕೋಟೆಯಲ್ಲಿ ಯಾರದಾದರೂ ಮನೆ ಹುಡುಕುವವನು ಕಿರಾಣಿ ಅಂಗಡಿಯಲ್ಲೋ ಗುಡಿಯ ಕಟ್ಟೆಯಲ್ಲೋ ವಿಚಾರಿಸಬೇಕಿತ್ತು. ಯಾರು ನೀವು, ಯಾವ ಊರು, ಏನು ಕೆಲಸ ಎಂದು ಕೇಳಿದ ಮೇಲೆಯೇ ದಾರಿ ತೋರಿಸುತ್ತಿದ್ದರು. ಆಲಮಟ್ಟಿಯ ಹಿನ್ನೀರಿಗೆ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ನವನಗರದಲ್ಲಿ ಸೆಕ್ಟರ್ ಮತ್ತು ಪ್ಲಾಟ್ ಸಂಖ್ಯೆ ಗೊತ್ತಿದ್ದರೆ ಯಾರನ್ನೂ ಕೇಳದೆ ಬಾಗಿಲಿಗೇ ಬಂದು ನಿಲ್ಲಬಹುದು. ನಿಮ್ಮ ಪತ್ರ ಓದಿ ನನಗೆ ಕಳವಳವಾದದ್ದು ಅದಕ್ಕೇ. ನಮ್ಮ ಕಡೆ ವಿಳಾಸ ಎಂದೂ ಗುಟ್ಟಾಗಿರಲಿಲ್ಲ, ಆದರೆ ಕೇಳುವವನ ಮುಖ ನೋಡಿ ಹೇಳುತ್ತಿದ್ದರು.

ಅಳಿಸುವ ಮುಂಚೆ ಆ ಪುಟಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಕರೆ ಬಂದ ಸಂಖ್ಯೆ, ದಿನ, ಹೊತ್ತು ಬರೆದಿಡಿ. ಪುಟ ಹೋದ ಮೇಲೆ ಸಾಕ್ಷ್ಯವೂ ಹೋಗುತ್ತದೆ. ಆತ ಮತ್ತೆ ಕರೆ ಮಾಡಿದರೆ, ಹೆದರಿಸಿದರೆ, ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗುವಾಗ ಇವು ಕೈಯಲ್ಲಿರಬೇಕು.

ಆಮೇಲೆ ನಿಮ್ಮನ್ನು ನೀವೇ ಸರಿಯಾಗಿ ಹುಡುಕಿ. ಮೊಬೈಲ್ ಸಂಖ್ಯೆಯನ್ನು ಒಟ್ಟಾಗಿ, ಐದೈದು ಅಂಕಿಗಳಾಗಿ ಬಿಡಿಸಿ, ಮುಂದೆ 91 ಸೇರಿಸಿ, ಮೂರೂ ರೀತಿಯಲ್ಲಿ ಹಾಕಿ ನೋಡಿ. ಹೆಸರಿನ ಜೊತೆ ಊರನ್ನೂ ಸೇರಿಸಿ, ಇಂಗ್ಲಿಷಿನಲ್ಲಿ ಬಾಗಲಕೋಟ್ ಎಂದೂ ಬಾಗಲಕೋಟೆ ಎಂದೂ ಬರೆದು ಹುಡುಕಿ. ಬೆಳಗಾವಿ, ವಿಜಯಪುರದವರು ಬೆಲ್ಗಾಂ, ಬಿಜಾಪುರ ಎಂಬ ಹೆಸರುಗಳನ್ನು ಮರೆಯಬಾರದು. ಊರಿನ ಹೆಸರು 2014ರ ನವೆಂಬರ್ 1ರಂದೇ ಬದಲಾದರೂ ಹಳೆಯ ದಾಖಲೆಗಳು ಹಳೆಯ ಹೆಸರಿನಲ್ಲೇ ಕುಳಿತಿರುತ್ತವೆ.

ಈಗ ಮುಖ್ಯ ಮಾತು. ಐದು ಕಡೆ ಕಂಡದ್ದು ಐದು ಕಡೆಯಿಂದ ಬಂದದ್ದಲ್ಲ. ಕಳೆದ ವರ್ಷ ಗುಳೇದಗುಡ್ಡದಲ್ಲಿ ಮನೆಯಿಂದಲೇ ಖಣ, ಅಂದರೆ ಕುಪ್ಪಸದ ಬಟ್ಟೆ, ಮಾರುವ ಹೆಣ್ಣುಮಗಳೊಬ್ಬರ ಜೊತೆ ಕುಳಿತು ಈ ಕೆಲಸ ಮಾಡಿದ್ದೆ. ಅವರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಊಟ ಕೇಳಿ ಕರೆ ಬರುತ್ತಿತ್ತು. ನೋಡಿದರೆ, ಇಂಗ್ಲಿಷ್ ಅಕ್ಷರದಲ್ಲಿದ್ದ ಖಣ ಎಂಬುದನ್ನು ಯಾರೋ ಖಾನಾ ಎಂದು ಓದಿ ಅವರ ಮನೆಯನ್ನು ಖಾನಾವಳಿಗಳ ಪಟ್ಟಿಗೆ ಸೇರಿಸಿದ್ದರು. ನಾಲ್ಕು ಜಾಲತಾಣಗಳಲ್ಲೂ ಅದೇ ತಪ್ಪು, ಅದೇ ಪಟ್ಟಿ! ಎಲ್ಲವೂ ಒಂದೇ ವ್ಯಾಪಾರ ಡೈರೆಕ್ಟರಿಯಿಂದ ನಕಲಾಗಿವೆ ಎಂಬುದು ಆ ತಪ್ಪಿನಿಂದಲೇ ಗೊತ್ತಾಯಿತು. ಮೊದಲು ಆ ಡೈರೆಕ್ಟರಿಗೆ ಬರೆದೆವು, ನಂತರ ಉಳಿದವರಿಗೆ. ಇದು ಎರೆಹೊಲದ ಕರಿಕೆಯ ಹಾಗೆ, ಬೇರು ಬಿಟ್ಟು ಮೇಲೆ ಕಿತ್ತರೆ ಮತ್ತೆ ಚಿಗುರುತ್ತದೆ. ನಿಮ್ಮ ವಿಷಯದಲ್ಲೂ ಪಾಠದ ಜಾಹೀರಾತಿಗೆಂದು ಎಂದೋ ತುಂಬಿದ ಒಂದು ಅರ್ಜಿಯೇ ಬೇರಾಗಿರಬಹುದು, ನೆನಪು ಮಾಡಿಕೊಳ್ಳಿ.

ಬರೆಯುವಾಗ ಪುಟದ ಕೊಂಡಿಯನ್ನು ಕೊಟ್ಟು, ‘ಇಲ್ಲಿರುವ ಹೆಸರು, ಸಂಖ್ಯೆ, ವಿಳಾಸ ನನ್ನವು. ಪ್ರಕಟಿಸಲು ನನ್ನ ಒಪ್ಪಿಗೆ ಇಲ್ಲ. ಪುಟವನ್ನು ತೆಗೆಯಿರಿ, ನಿಮ್ಮ ಸಂಗ್ರಹದಿಂದಲೂ ಅಳಿಸಿರಿ, ಬೇರೆಯವರಿಗೆ ಕೊಟ್ಟಿದ್ದರೆ ಯಾರಿಗೆ ಎಂದು ತಿಳಿಸಿರಿ’ ಎಂದು ಬರೆದರೆ ಸಾಕು. ಜಗಳದ ಮಾತು ಬೇಡ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂಥ ಮಧ್ಯವರ್ತಿ ಜಾಲತಾಣಗಳು ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕವನ್ನು ಪ್ರಕಟಿಸಬೇಕು. ಪತ್ರ ಅವರಿಗೇ ಹೋಗಲಿ. ಗುರುತಿನ ಚೀಟಿ ಕೇಳಿದರೆ ಪೂರ್ತಿ ಆಧಾರ್ ಕಳಿಸಬೇಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್, ಆಧಾರ್ ಕೊಡುವ ಪ್ರಾಧಿಕಾರದ (ಯುಐಡಿಎಐ) ಜಾಲತಾಣದಲ್ಲೇ ಸಿಗುತ್ತದೆ. ಅಳಿಸಿಕೊಡುತ್ತೇವೆ, ಹಣ ಹಾಕಿ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಟ್ರೂಕಾಲರ್‌ನಲ್ಲಿ ಹೆಸರು ಕಾಣುತ್ತಿದ್ದರೆ ಆ್ಯಪ್ ತೆಗೆದುಹಾಕಿದ ಮಾತ್ರಕ್ಕೆ ಹೆಸರು ಹೋಗುವುದಿಲ್ಲ. ಮೊದಲು ಖಾತೆಯನ್ನು ನಿಷ್ಕ್ರಿಯಗೊಳಿಸಿ, ಆಮೇಲೆ ಅವರ ಜಾಲತಾಣದ ‘ಅನ್‌ಲಿಸ್ಟ್’ ಪುಟದಲ್ಲಿ ಸಂಖ್ಯೆ ಕೊಡಬೇಕು. ಮತ್ತೆ ಆ್ಯಪ್ ಬಳಸಲು ಶುರು ಮಾಡಿದರೆ ಹೆಸರೂ ಮರಳಿ ಬರುತ್ತದೆ.

ಗೂಗಲ್ ಮ್ಯಾಪ್‌ನಲ್ಲಿ ಪಾಠದ ಮನೆಯನ್ನು ನೀವೇ ಸೇರಿಸಿದ್ದರೆ ಒಂದು ಒಳ್ಳೆಯ ದಾರಿಯಿದೆ. ವ್ಯವಹಾರದ ವಿವರದಲ್ಲಿ ಮನೆಯ ವಿಳಾಸವನ್ನು ಮರೆಮಾಡಿ, ಸೇವೆ ಕೊಡುವ ಪ್ರದೇಶವನ್ನು ಮಾತ್ರ ತೋರಿಸಬಹುದು. ನವನಗರ ಎಂದಿದ್ದರೆ ಸಾಕು, ಬರಬೇಕಾದ ತಾಯಂದಿರು ಫೋನಿನಲ್ಲಿ ಕೇಳಿ ಬರುತ್ತಾರೆ. ಇನ್ನು ಗೂಗಲ್ ಹುಡುಕಾಟದಲ್ಲಿ ನಿಮ್ಮ ಸಂಖ್ಯೆ, ವಿಳಾಸ ಬರುವ ಫಲಿತಾಂಶವನ್ನು ತೆಗೆಯುವಂತೆ ಗೂಗಲ್‌ಗೆ ಮನವಿ ಸಲ್ಲಿಸಬಹುದು. ಅವರು ಒಪ್ಪಿದರೆ ಹುಡುಕಾಟದಲ್ಲಿ ಕಾಣುವುದಿಲ್ಲ, ಆದರೆ ಮೂಲ ಪುಟ ಇದ್ದಲ್ಲೇ ಇರುತ್ತದೆ. ಆದ್ದರಿಂದ ಇದನ್ನು ಮೊದಲ ಕೆಲಸ ಮಾಡಿಕೊಳ್ಳಬೇಡಿ.

ತೆಗೆಸಲಾಗದ್ದು ಮತದಾರರ ಪಟ್ಟಿ. ಅದನ್ನು ಪ್ರಕಟಿಸುವುದು ಚುನಾವಣಾ ಆಯೋಗದ ಕಾನೂನಿನ ಕರ್ತವ್ಯ, ಪ್ರಕಟವಾಗಲೂಬೇಕು. ಅದರಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಮನೆ ಸಂಖ್ಯೆ ಇರುತ್ತವೆ, ಮೊಬೈಲ್ ಸಂಖ್ಯೆ ಇರುವುದಿಲ್ಲ. ಆ ಪಟ್ಟಿಯನ್ನು ಖಾಸಗಿಯವರು ತಮ್ಮ ಜಾಲತಾಣಕ್ಕೆ ಇಳಿಸಿಕೊಂಡಿದ್ದರೆ ಅವರಿಗೆ ಬರೆಯಲು ಅಡ್ಡಿಯಿಲ್ಲ.

ಕಾನೂನಿನ ಬಲ ಎಷ್ಟು ಎಂದರೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅಳಿಸುವಂತೆ ಕೇಳುವ ಹಕ್ಕಿದೆ. ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ, ಸಂಸ್ಥೆಗಳ ಮುಖ್ಯ ಹೊಣೆಗಾರಿಕೆ ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶ. ಒಂದು ತೊಡಕೂ ಇದೆ. ನೀವೇ ಸಾರ್ವಜನಿಕವಾಗಿ ಹಾಕಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಫೇಸ್‌ಬುಕ್ಕಿನಲ್ಲಿ ಎಲ್ಲರಿಗೂ ಕಾಣುವಂತೆ ಸಂಖ್ಯೆ ಬರೆದಿದ್ದರೆ ಅದನ್ನು ಇಂದೇ ತೆಗೆಯಿರಿ.

ಸಂಖ್ಯೆ ಬದಲಿಸುವ ಮಾತಿಗೆ ಬರೋಣ. ಆ ಸಂಖ್ಯೆ ನಿಮ್ಮ ಬ್ಯಾಂಕಿಗೆ, ಆಧಾರ್‌ಗೆ, ಗ್ಯಾಸ್ ಸಂಪರ್ಕಕ್ಕೆ ಜೋಡಣೆಯಾಗಿರುತ್ತದೆ. ಕಂಪನಿ ರದ್ದು ಮಾಡಿದ ಸಂಖ್ಯೆ 90 ದಿನ ಕಳೆದ ಮೇಲೆ ಬೇರೆಯವರಿಗೆ ಹೋಗಬಹುದು, ಜೋಡಣೆ ಬಿಡಿಸದಿದ್ದರೆ ನಿಮ್ಮ ಬ್ಯಾಂಕಿನ ಸಂದೇಶಗಳೂ ಅವರಿಗೇ. ಅದರ ಬದಲು ಪಾಠಕ್ಕೆಂದೇ ಇನ್ನೊಂದು ಸಿಮ್ ತೆಗೆದುಕೊಳ್ಳಿ. ಜಾಹೀರಾತಿಗೆ, ಶಾಲೆಯ ಗೇಟಿನ ಬಳಿಯ ಚೀಟಿಗೆ, ಪಾಲಕರಿಗೆ ಅದನ್ನೇ ಕೊಡಿ. ಸಂಜೆ ಪಾಠ ಮುಗಿದ ಮೇಲೆ ಅದನ್ನು ಸ್ವಿಚ್ ಆಫ್ ಮಾಡಿಡಿ.