ಹಾರರ್ ಎಸ್ಕೇಪ್ ರೂಮ್: ಬಾಗಿಲ ಆಚೆ ನಿಜಕ್ಕೂ ಯಾರೋ ಇದ್ದಾರೆ

ಎಸ್ಕೇಪ್ ರೂಮ್ ಬೆಂಗಳೂರಿಗೆ ಈಗ ಹೊಸದೇನಲ್ಲ. ಕೋರಮಂಗಲ, ಇಂದಿರಾನಗರದ ಕಡೆ ಆಫೀಸಿನವರು, ಕಾಲೇಜು ಹುಡುಗರು ವೀಕೆಂಡಿಗೆ ಗುಂಪು ಕಟ್ಟಿಕೊಂಡು ಹೋಗುತ್ತಾರೆ. ಒಂದು ಕೋಣೆಯೊಳಗೆ ಬಿಡುತ್ತಾರೆ. ಸುಳಿವು ಹುಡುಕಿ, ಬೀಗ ತೆಗೆದು, ಸಾಮಾನ್ಯವಾಗಿ 60 ನಿಮಿಷದೊಳಗೆ ಹೊರಗೆ ಬರಬೇಕು. 2007ರಲ್ಲಿ ಜಪಾನಿನ ಕ್ಯೋಟೋದಲ್ಲಿ ತಕಾವೊ ಕಾಟೊ ಎಂಬುವರು ಶುರುಮಾಡಿದ ಆಟ ಇದು.

ಇದಕ್ಕೆ ಕತ್ತಲೆ ಮತ್ತು ಒಂದು ದೆವ್ವದ ಕಥೆ ಸೇರಿದರೆ ಹಾರರ್ ರೂಮ್. ಒಳಗೆ ಲೈವ್ ಆಕ್ಟರ್, ಅಂದರೆ ವೇಷ ಹಾಕಿದ ಕಲಾವಿದರೂ ಇದ್ದರೆ ಆಟದ ರೀತಿಯೇ ಬೇರೆ. ಮೇಲಿಂದ ಬೀಳುವ ಗೊಂಬೆ ಒಂದು ಸಲ ಹೆದರಿಸುತ್ತದೆ, ಅಷ್ಟೇ. ಮನುಷ್ಯ ಹಾಗಲ್ಲ. ಅವನು ನಿಮ್ಮನ್ನು ನೋಡುತ್ತಿರುತ್ತಾನೆ, ನಿಮ್ಮ ಮಾತು ಕೇಳಿಸಿಕೊಂಡಿರುತ್ತಾನೆ.

ನಾಲ್ಕು ಅಂಕಿಯ ಬೀಗ ಅಂದುಕೊಳ್ಳಿ. ಮೂರು ಸಿಕ್ಕಿವೆ. ಅಷ್ಟರಲ್ಲಿ ಲೈಟ್ ಹೋಗುತ್ತದೆ. ಗೋಡೆಯಾಚೆ ಯಾರೋ ಉಗುರಿನಿಂದ ಕೆರೆಯುತ್ತಾರೆ, ಸದ್ದು ಮೆಲ್ಲಗೆ ಬಾಗಿಲ ಹತ್ತಿರ ಬರುತ್ತದೆ. ಟಾರ್ಚ್ ಹಿಡಿದವನ ಕೈ ನಡುಗಿ ಬೆಳಕು ಬೀಗದ ಮೇಲೆ ನಿಲ್ಲುವುದೇ ಇಲ್ಲ. ಹಿಂದಿದ್ದವಳು ಮುಂದಿನವಳ ದುಪಟ್ಟಾ ಬಿಡುವುದಿಲ್ಲ. ಈಗ ತಾನೇ ಓದಿದ ಮೂರು ಅಂಕಿಗಳೂ ಮರೆತುಹೋಗುತ್ತವೆ! ಭಯವಾದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಗಮನವೆಲ್ಲ ಅಪಾಯದ ಕಡೆ ಹೋಗುತ್ತದೆ. ಸುಲಭದ ಲೆಕ್ಕವೂ ಆಗ ಕಷ್ಟ. ಈ ರೂಮಿನ ಅಸಲಿ ಒಗಟು ಅದೇ.

ಹಾಗಂತ ಜಾಸ್ತಿ ಹೆದರಿಸಿದಷ್ಟೂ ಮಜಾ ಅಂತ ಅಲ್ಲ. ಡೆನ್ಮಾರ್ಕಿನ ಒಂದು ಹಾಂಟೆಡ್ ಹೌಸ್‌ಗೆ, ಅಂದರೆ ಜನರನ್ನು ಹೆದರಿಸಲೆಂದೇ ಮಾಡಿದ ಭೂತದ ಮನೆಗೆ ಬಂದ 110 ಜನರ ಎದೆಬಡಿತ ಅಳೆದು ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಭಯ ತೀರಾ ಕಮ್ಮಿಯಾದರೂ ಖುಷಿ ಕಮ್ಮಿ, ತೀರಾ ಜಾಸ್ತಿಯಾದರೂ ಕಮ್ಮಿ ಎಂದು ಅದರಲ್ಲಿ ಕಂಡಿತು. ಹದ ನಡುವೆ ಎಲ್ಲೋ ಇದೆ, ಅದು ಒಬ್ಬೊಬ್ಬರಿಗೆ ಒಂದೊಂದು. ಆ ಹದ ಹಿಡಿಯುವುದೇ ಕಲಾವಿದರ ಕೆಲಸ. ಧೈರ್ಯ ಕೊಚ್ಚಿಕೊಳ್ಳುವವನ ಹಿಂದೆ ಬಂದು ನಿಲ್ಲಬೇಕು, ನಿಜವಾಗಿ ಕಂಗಾಲಾದವಳಿಂದ ದೂರ ಸರಿಯಬೇಕು. ನನ್ನ ಮಟ್ಟಿಗೆ ಇದು ನಾಟಕದ ಸ್ಟೇಜಿಗಿಂತ ಕಷ್ಟದ ಅಭಿನಯ. ಪ್ರೇಕ್ಷಕರು ಒಂದು ಅಡಿ ದೂರದಲ್ಲಿದ್ದಾರೆ, ಅವರು ಆಡುವ ಮಾತುಗಳನ್ನು ಯಾರೂ ಬರೆದುಕೊಟ್ಟಿಲ್ಲ.

ನಮ್ಮ ಊರಿನಲ್ಲಿ ಈ ಪಾತ್ರಗಳು ಇನ್ನಷ್ಟು ಕನ್ನಡ ಮಾತಾಡಬೇಕು ಅನ್ನೋದು ನನ್ನ ಆಸೆ. ತೊಂಬತ್ತರ ದಶಕದಲ್ಲಿ ಮನೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದುಕೊಂಡ ಊರು ಇದು. ಆ ಕಥೆಯ ದೆವ್ವ ಮನೆಯವರದೇ ದನಿಯಲ್ಲಿ ಕರೆಯುತ್ತಿತ್ತಂತೆ. ಪರಿಚಯದ ದನಿಗಿಂತ ಹೆದರಿಕೆ ಬೇರೆ ಬೇಕಾ?

ಒಳಗೆ ಹೋಗುವ ಮೊದಲು ನಿಯಮ ಕೇಳಿಕೊಳ್ಳಿ. ಕಲಾವಿದರು ಮೈ ಮುಟ್ಟುತ್ತಾರಾ, ಇಲ್ವಾ? ಬೇಡ ಅನಿಸಿದರೆ ಆಟ ನಿಲ್ಲಿಸಲು ಏನು ಹೇಳಬೇಕು? ಗೇಮ್ ಮಾಸ್ಟರ್, ಅಂದರೆ ಹೊರಗಿನಿಂದ ಆಟ ನಡೆಸುವವರು, ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರಾ? ಹೃದಯದ ತೊಂದರೆ, ಮೂರ್ಛೆರೋಗ ಇರುವವರು, ಗರ್ಭಿಣಿಯರು ಇಂಥ ರೂಮಿಗೆ ಹೋಗದಿರುವುದೇ ಒಳ್ಳೆಯದು. ಬಾಗಿಲ ವಿಷಯವನ್ನಂತೂ ಸಂಕೋಚವಿಲ್ಲದೆ ಕೇಳಿ. 2019ರ ಜನವರಿಯಲ್ಲಿ ಪೋಲೆಂಡಿನ ಕೊಶಾಲಿನ್‌ನಲ್ಲಿ ಎಸ್ಕೇಪ್ ರೂಮಿಗೆ ಬೆಂಕಿ ಬಿದ್ದು, ಹೊರಗೆ ಬರಲಾಗದೆ ಐದು ಹುಡುಗಿಯರು ತೀರಿಕೊಂಡರು. ಬೀಗ ಆಟದ್ದಾಗಿರಬೇಕು, ಹೊರಗೆ ಹೋಗುವ ಬಾಗಿಲು ಒಳಗಿನಿಂದ ಯಾವಾಗ ಬೇಕಾದರೂ ತೆರೆಯುವಂತಿರಬೇಕು. ಅದನ್ನು ತೆರೆದು ತೋರಿಸಿದ ಮೇಲೆ ದುಡ್ಡು ಕೊಡಿ.